ಚಂದ್ರನ ನೆಲ ಮಾಡಿದವರು ಯಾರು?

ಬಹಳ ಕಾಲದ ಹಿಂದೆ, ಚಂದ್ರನ ಮೇಲೆ ಇನ್ನೂ ಊರುಕೇರಿಗಳಿದ್ದಾಗ, ಅಲ್ಲಿ ಹಾಲುಬೆಟ್ಟ ಎಂಬ ರಾಜ್ಯವಿತ್ತು. ಸೋಮಲದೇವಿ ಎಂಬ ರಾಣಿ ಅದನ್ನು ಆಳುತ್ತಿದ್ದಳು. ರಾಜ್ಯದ ಅರ್ಧ ಬಿಳಿ ಬೆಟ್ಟ, ಅರ್ಧ ಕರಿ ಬಯಲು. ಜನ ಕರಿಕಲ್ಲಿನ ತಳಪಾಯ ಹಾಕಿ, ಮೇಲೆ ಬಿಳಿ ಗಾರೆ ಬಳಿದು ಮನೆ ಕಟ್ಟುತ್ತಿದ್ದರು.

ಅಲ್ಲಿ ಒಂದು ಕಟ್ಟಳೆಯಿತ್ತು. ಏನನ್ನೇ ಮಾಡಿದವರು ಅದನ್ನು ಮಾಡಿದ ಬಗೆಯನ್ನು ನಾಲ್ಕು ಜನರೆದುರು ಹೇಳಬೇಕು. ಕುಂಬಾರ ಮಡಕೆಯ ಬಗೆ ಹೇಳಬೇಕು, ಅಡುಗೆಯವಳು ಹುಳಿಯ ಬಗೆ ಹೇಳಬೇಕು. ಸರಿಯಾಗಿ ಹೇಳಿದರೆ ಅದು ಅವರದು, ತಪ್ಪಿದರೆ ಅಲ್ಲ. ಹೇಳಿ ಮುಗಿಸುವಷ್ಟರಲ್ಲಿ ಹುಳಿ ಆರಿ ತಣ್ಣಗಾಗುತ್ತಿತ್ತು, ಆದರೂ ಕಟ್ಟಳೆ ಕಟ್ಟಳೆಯೇ. ಜನರಿಗಷ್ಟೇ ಅಲ್ಲ, ಕಲ್ಲು ಮಣ್ಣಿಗೂ ಅದು ಅನ್ವಯಿಸುತ್ತಿತ್ತು. ಇವನೇ ಮಾಡಿದವನು ಎಂದು ಸಭೆ ಒಪ್ಪಿದರೆ ಸಾಕು, ಅವು ಅವನ ಮಾತು ಕೇಳುತ್ತಿದ್ದವು.

ಇದನ್ನೇ ಹಿಡಿದುಕೊಂಡು ಒಂದು ದಿನ ಧೂಮಕೇಶನೆಂಬ ಮಾಂತ್ರಿಕ ಸಭೆಗೆ ಬಂದ. ಅವನ ತಲೆಯ ಮೇಲೆ ಕೂದಲಿರಲಿಲ್ಲ, ಹೊಗೆಯಿತ್ತು.

"ಈ ನೆಲ ಮಾಡಿದವನು ನಾನು," ಎಂದ. "ಮೊದಲು ಕರಿಕಲ್ಲು ಹಾಸಿ ತಳ ಗಟ್ಟಿ ಮಾಡಿದೆ. ಆಮೇಲೆ ಬಿಳಿಕಲ್ಲು ಬಳಿದೆ. ಏಳು ದಿನದೊಳಗೆ ಎಲ್ಲರೂ ನನ್ನ ನೆಲ ಬಿಟ್ಟು ಹೊರಡಿ."

ಜನ ಮುಖ ಮುಖ ನೋಡಿಕೊಂಡರು. ತಮ್ಮ ಮನೆಗಳಿಗೂ ಕೆಳಗೆ ಕಪ್ಪು, ಮೇಲೆ ಬಿಳುಪು. ಇದ್ದರೂ ಇರಬಹುದು ಎಂದು ತಲೆಯಾಡಿಸಿಬಿಟ್ಟರು. ಕಲ್ಲುಕುಟಿಗ ದ್ಯಾವಣ್ಣನೊಬ್ಬ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ.

"ನೆಲ ಮಾಡಿದ ನಾನು ಹೇಳುತ್ತಿದ್ದೇನೆ, ಕಲ್ಲಾಗು!" ಎಂದ ಧೂಮಕೇಶ. ನೆಲ ಅವನ ಮಾತು ಕೇಳಿ ಕಾಲಿನಿಂದ ಮೇಲೇರಿತು, ದ್ಯಾವಣ್ಣ ನಿಂತಲ್ಲೇ ಕಲ್ಲಾದ.

ಸುದ್ದಿ ಕೇಳಿ ಅವನ ಹೆಂಡತಿ ಮುದ್ದವ್ವ ಓಡಿ ಬಂದಳು. ಸವೆದ ಬೀಸುವ ಕಲ್ಲುಗಳಿಗೆ ಉಳಿಯಿಂದ ಹೊಸ ಹಲ್ಲು ಮೂಡಿಸುವುದು ಅವಳ ಕಸುಬು. ಗಂಡನ ತಣ್ಣನೆಯ ಕೆನ್ನೆ ಮುಟ್ಟಿದಳು. ಎದೆ ಒಡೆದಂತಾಯಿತು. ಆದರೆ ಅಳುತ್ತಾ ಕೂರುವ ಜಾಯಮಾನ ಅವಳದಲ್ಲ.

"ತಾಯೀ, ಇವ್ನು ಹೇಳಿದ್ದು ಸುಳ್ಳು ಅಂತ ತೋರ್ಸಿದ್ರೆ?" ಎಂದು ರಾಣಿಯನ್ನು ಕೇಳಿದಳು.

"ಆಗ ನೆಲ ಅವನ ಮಾತು ಕೇಳುವುದಿಲ್ಲ. ನಿನ್ನ ಗಂಡನೂ ಎದ್ದು ಬರುತ್ತಾನೆ ಕಣಮ್ಮ," ಎಂದಳು ರಾಣಿ.

"ನೆಲ ಹುಟ್ಟಿದಾಗ ನೀನಿದ್ದೆಯಾ?" ಎಂದು ಧೂಮಕೇಶ ಮೂತಿ ತಿರುವಿದ.

"ನಾನಿರ್ಲಿಲ್ಲಪ್ಪ, ಕಲ್ಲಿತ್ತಲ್ಲ. ಅದನ್ನೇ ಕೇಳ್ಕೊಂಡು ಬತ್ತೀನಿ," ಎಂದು ಮುದ್ದವ್ವ ಉಳಿ ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಹೊರಟಳು.

ಎರಡು ದಿನ ನಡೆದು ಬಿಳಿ ಬೆಟ್ಟಕ್ಕೆ ಬಂದಳು. ಅಲ್ಲಿ ಹರಳಿನ ಕೊಂಬಿನ ಟಗರೊಂದು ದಾರಿ ಕಟ್ಟಿ, "ಗುದ್ದುತ್ತೇನೆ!" ಎಂದಿತು.

"ಗುದ್ದೀಯಂತೆ ಬಿಡು. ಕೊಂಬು ನೋಡಿದ್ರೆ ನಮ್ಮಜ್ಜಿ ಹಲ್ಲಿಗಿಂತ ಮೊಂಡಾಗೈತೆ. ಬಾ ಇಲ್ಲಿ," ಎಂದು ಮುದ್ದವ್ವ ಕೂರಿಸಿಕೊಂಡು ಚೂಪು ಮಾಡಿಕೊಟ್ಟಳು. ಟಗರು ಕುಣಿದಾಡಿ ಬಿಳಿಕಲ್ಲೊಂದನ್ನು ಕೊಟ್ಟಿತು. ಕೈಯಲ್ಲಿ ತೂಗಿದಳು, ಹಗುರ. ಮುರಿದು ನೋಡಿದಳು. ಒಳಗೆಲ್ಲ ಕಲ್ಲುಸಕ್ಕರೆಯ ಹಾಗೆ ದೊಡ್ಡ ದೊಡ್ಡ ಹರಳು. ಪಾಕ ನಿಧಾನವಾಗಿ ಆರಿದರೆ ಮಾತ್ರ ಹರಳು ಅಷ್ಟು ದೊಡ್ಡದಾಗುತ್ತದೆ.

ಮತ್ತೆರಡು ದಿನ ನಡೆದು ಕರಿ ಬಯಲಿಗೆ ಬಂದಳು. ಅಲ್ಲಿ ಮನೆಯಷ್ಟು ದೊಡ್ಡ ಉಡ ಮಲಗಿತ್ತು. "ನುಂಗುತ್ತೇನೆ!" ಎಂದಿತು.

"ನುಂಗೋದಿರ್ಲಿ, ಯಾಕೆ ಹಂಗೆ ಮೈ ಉಜ್ಕೋತಿದೀಯ?"

ಉಡಕ್ಕೆ ನಾಚಿಕೆಯಾಯಿತು. "ನೂರು ವರ್ಷದಿಂದ ಬೆನ್ನು ನವೆ ಕಣಕ್ಕಾ," ಎಂದಿತು.

ಮುದ್ದವ್ವ ಸಂಜೆಯವರೆಗೂ ಉಳಿಯಿಂದ ಅದರ ಬೆನ್ನು ಕೆರೆದಳು. ಉಡ ಸುಖದಿಂದ ಕಣ್ಣು ಮುಚ್ಚಿ, ತನ್ನಡಿಯಲ್ಲಿದ್ದ ಕರಿಕಲ್ಲೊಂದನ್ನು ಬಾಲದಿಂದ ತಳ್ಳಿಕೊಟ್ಟಿತು. ಅದರ ಮೇಲೆ ದೋಸೆಯಲ್ಲಿದ್ದಂತೆ ಸಣ್ಣ ತೂತುಗಳಿದ್ದವು, ಹರಳುಗಳು ಕಣ್ಣಿಗೆ ಕಾಣದಷ್ಟು ನುಣ್ಣಗಿದ್ದವು. ಕುದಿಯುತ್ತಾ ಹರಿದು ಬಂದು ಬೇಗ ಆರಿದ ಕಲ್ಲು. ಒಂದು ಮೂಲೆಯಲ್ಲಿ ಎಳ್ಳಿನಷ್ಟು ಬಿಳಿ ಚುಕ್ಕೆಯಿತ್ತು. ಕಸುಬಿನ ಅಭ್ಯಾಸದಂತೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಳು. ಸುತ್ತಲೂ ಠಣ್ ಠಣ್ ಎಂದ ಕಲ್ಲು ನಡುವೆ ಬೇರೆ ದನಿ ಮಾಡಿತು. ಮುದ್ದವ್ವ ಅದನ್ನು ಒಡೆಯಲಿಲ್ಲ. ನಗುತ್ತಾ ಚೀಲಕ್ಕಿಳಿಸಿದಳು.

ಆರನೆಯ ದಿನ ಊರ ಕಡೆಗೆ ಮರಳುವ ದಾರಿಯಲ್ಲಿ ಆಳ ಹಳ್ಳಕ್ಕೆ ಬಂದಳು. ಯಾವ ಕಾಲದಲ್ಲೋ ಆಕಾಶದಿಂದ ಬಂಡೆ ಬಿದ್ದು ನೆಲದಡಿಯದನ್ನೆಲ್ಲ ಮೇಲಕ್ಕೆ ಚಿಮ್ಮಿಸಿದ ಜಾಗ ಅದು. ಅಲ್ಲಿ ಆಮೆಯೊಂದು ಹಸಿರು ಕಲ್ಲನ್ನು ಅವುಚಿಕೊಂಡು ಕೂತಿತ್ತು. ಅದು ಗುದ್ದುತ್ತೇನೆ ಎನ್ನಲಿಲ್ಲ, ನುಂಗುತ್ತೇನೆ ಎನ್ನಲಿಲ್ಲ. "ನಿನ್ನ ಉಳಿ ಕೊಟ್ಟರೆ ಕಲ್ಲು ಕೊಡುತ್ತೇನೆ," ಎಂದಿತು.

ಅದು ಅವಳ ಅಪ್ಪನ ಉಳಿ. ಆದರೆ ಗಂಡನ ಮುಖ ನೆನಪಾಗಿ ಉಳಿ ಕೊಟ್ಟುಬಿಟ್ಟಳು. ಹಸಿರು ಕಲ್ಲು ಬಿಳಿಕಲ್ಲಿನಷ್ಟೇ ದೊಡ್ಡದು, ಆದರೆ ಎತ್ತುವಾಗ ಮೊಣಕೈ ಕೆಳಗೆ ಜಗ್ಗಿತು.

ಏಳನೆಯ ದಿನ ಊರಿನವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಅರಮನೆಯ ಮುಂದೆ ನಿಂತಿದ್ದರು. ಮುದ್ದವ್ವ ಬೆವರು ಒರೆಸಿಕೊಳ್ಳುತ್ತಾ ಬಂದು, ಕರಿಕಲ್ಲನ್ನು ಧೂಮಕೇಶನ ಮುಂದಿಟ್ಟಳು.

"ಬುದ್ಧೀ, ಇದರೊಳಗೆ ಏನೈತೆ?"

"ಕಪ್ಪೇ ಕಪ್ಪು. ಇದನ್ನು ಹಾಸಿದಾಗ ಬಿಳಿಕಲ್ಲು ಇನ್ನೂ ಹುಟ್ಟಿರಲಿಲ್ಲ."

"ನನ್ನ ಹತ್ರ ಉಳಿ ಇಲ್ಲ. ಮಾಡಿದವರು ನೀವೇ, ನೀವೇ ಒಡೀರಿ."

ಧೂಮಕೇಶ ಎದೆಯುಬ್ಬಿಸಿದ. "ನೆಲ ಮಾಡಿದ ನಾನು ಹೇಳುತ್ತಿದ್ದೇನೆ, ಒಡೆ!"

ಕಲ್ಲು ವಿಧೇಯವಾಗಿ ಎರಡು ಹೋಳಾಯಿತು. ನಟ್ಟನಡುವೆ ಮುಷ್ಟಿಯಷ್ಟು ಬಿಳಿಕಲ್ಲು ಕೂತಿತ್ತು! ಸಭೆ ಹೋ ಎಂದಿತು.

"ಉಂಡೆಯೊಳಗೆ ಗೋಡಂಬಿ ಇದ್ರೆ, ಉಂಡೆ ಕಟ್ಟೋಕೆ ಮುಂಚೇನೇ ಗೋಡಂಬಿ ಇತ್ತು ಅಂತ ತಾನೆ?" ಎಂದಳು ಮುದ್ದವ್ವ. "ಬಿಳೀದೇ ಮೊದ್ಲು, ಕರೀದು ಆಮೇಲೆ. ಈಗ ಕಲ್ಲು ಹೇಳಿದ್ದು ಹೇಳ್ತೀನಿ, ಕೇಳಿ. ಮೊದ್ಲು ಇದೆಲ್ಲ ಕರಗಿದ ಕಲ್ಲಿನ ಸಮುದ್ರ. ಕುದಿಯೋದು ನಿಂತು ನಿಧಾನಕ್ಕೆ ಆರ್ತಾ ಆರ್ತಾ, ಭಾರದ ಹಸಿರು ಹರಳು ತಳ ಸೇರ್ತು. ಹಗುರದ ಬಿಳಿ ಹರಳು ಹಾಲಿನ ಕೆನೆ ಹಂಗೆ ತೇಲಿ ಬಂದು ಹೆಪ್ಪಾಯ್ತು. ಅದೇ ನಮ್ಮ ನೆಲ. ಎಷ್ಟೋ ಕಾಲದ ಮೇಲೆ ಬಿರುಕಿನಿಂದ ಕರಿ ಕಲ್ಲಿನ ರಸ ಉಕ್ಕಿ, ದಾರೀಲಿದ್ದ ಬಿಳಿ ಚೂರು ಎಳ್ಕೊಂಡು ಬಂದು ತಗ್ಗೆಲ್ಲ ತುಂಬ್ತು. ಯಾರ ಕೈಯೂ ಇದನ್ನ ಮಾಡ್ಲಿಲ್ಲ."

ಜನ ಬಿಳಿಕಲ್ಲನ್ನೂ ಹಸಿರುಕಲ್ಲನ್ನೂ ಕೈಯಿಂದ ಕೈಗೆ ದಾಟಿಸಿ ತೂಗಿ ನೋಡಿದರು. ಹೌದು, ಹೌದು ಎಂದರು.

ಧೂಮಕೇಶ ಕೆರಳಿ ಮುದ್ದವ್ವನತ್ತ ಕೈ ಚಾಚಿದ. "ನೆಲ ಮಾಡಿದ ನಾನು ಹೇಳುತ್ತಿದ್ದೇನೆ, ಕಲ್ಲಾಗು!"

ಏನೂ ಆಗಲಿಲ್ಲ. ಮೊದಲು ಒಬ್ಬಳು ಮುದುಕಿ ಕಿಸಕ್ಕೆಂದಳು, ಆಮೇಲೆ ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಹೊಗೆ ಆರಿ ಮಾಂತ್ರಿಕನ ತಲೆ ಬೋಳಾಯಿತು. ಅವನು ತಲೆ ಮುಚ್ಚಿಕೊಂಡು ಓಡಿದ ಓಟಕ್ಕೆ ಲೆಕ್ಕವೇ ಇಲ್ಲ.

ಅಷ್ಟರಲ್ಲಿ ದ್ಯಾವಣ್ಣ ಮೈ ಕೊಡವಿಕೊಂಡು, "ಯಾಕಮ್ಮೀ, ಎಲ್ಲ ಗಂಟು ಕಟ್ಟವ್ರೆ?" ಎಂದ. ಏಳು ದಿನದಿಂದ ಒಂದು ಹನಿ ಕಣ್ಣೀರು ಹಾಕದ ಮುದ್ದವ್ವ ಅವನ ಎದೆಗೆ ತಲೆಯಿಟ್ಟು ಜೋರಾಗಿ ಅತ್ತಳು. ಇಷ್ಟು ಸಂತೋಷ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

"ಹಾಗಾದರೆ ಈ ನೆಲ ಯಾರದು ಮುದ್ದವ್ವಾ? ನನ್ನದೂ ಅಲ್ಲವೇ?" ಎಂದು ರಾಣಿ ಮೆಲ್ಲಗೆ ಕೇಳಿದಳು.

"ಯಾರೂ ಮಾಡ್ಲಿಲ್ಲವಲ್ಲ ತಾಯೀ. ಎದ್ದು ಹೋಗಿ ಅನ್ನೋ ಹಕ್ಕು ನಿಮಗೂ ಇಲ್ಲ."

ರಾಣಿ ಸಿಂಹಾಸನದಿಂದ ಇಳಿದು ಬಂದು, ಎಲ್ಲರ ನಡುವೆ ಬರಿ ನೆಲದ ಮೇಲೆ ಕಾಲು ಚಾಚಿ ಕೂತಳು. ಜನ ಗಂಟು ಬಿಚ್ಚಿ ಅಲ್ಲೇ ಒಲೆ ಹೂಡಿದರು. ಹಾಲುಬೆಟ್ಟದವರು ಉಂಡುಟ್ಟು ನಗುನಗುತ್ತಾ ಬಾಳಿದರು. ಕತೆ ಕೇಳಿದ ನಿಮಗೂ ಕಾಲ ಕೆಳಗಿನ ನೆಲ ಗಟ್ಟಿಯಾಗಿರಲಿ.