ಸೂಟ್‌ಕೇಸಿನಲ್ಲಿ ನಾಲ್ಕು ಬ್ಯಾಟರಿ

ಅಮ್ಮ ಕ್ಯಾಮೆರಾ ಬ್ಯಾಗಿನ ಜಿಪ್ ಎಳೆದಳು. ವಿಮಾನ ನಿಲ್ದಾಣದ ಕೌಂಟರಿನ ಮುಂದೆ, ಅಷ್ಟು ಜನರ ನಡುವೆಯೂ, ಪೀಪಿಯ ಮೂಗಿಗೆ ಆ ವಾಸನೆ ಬಂತು. ಹಳೆಯ ಚರ್ಮ, ರಬ್ಬರು, ಲೆನ್ಸ್ ಒರೆಸುವ ಔಷಧಿ, ಮೂರೂ ಕಲೆತ ವಾಸನೆ. ಕೂಸಾಗಿದ್ದಾಗಿನಿಂದ ಪೀಪಿಗೆ ಅದು ಗೊತ್ತು. ಸ್ಟುಡಿಯೋದಲ್ಲಿ ಕೆಲಸ ಮಾಡುವಾಗ ಅಮ್ಮ ಅವಳನ್ನು ಈ ಬ್ಯಾಗಿನ ಪಕ್ಕದಲ್ಲೇ ಮಲಗಿಸುತ್ತಿದ್ದಳಂತೆ. ಯಾರಾದರೂ ಬ್ಯಾಗ್ ಎತ್ತಿದರೆ ಸಾಕು, ಜಾತ್ರೆಯ ಪೀಪಿ ಊದಿದ ಹಾಗೆ ಅಳು ಶುರು. ಅಡ್ಡಹೆಸರು ಅಂಟಿಕೊಂಡಿದ್ದು ಹಾಗೆ.

"ನೋಡಿ, ಬರೀ ಕ್ಯಾಮೆರಾ, ಲೆನ್ಸು," ಅಂದಳು ಅಮ್ಮ. "ಇದನ್ನ ಲಗೇಜಿಗೆ ಹಾಕೋಕಾಗಲ್ಲ. ಒಂದು ಸಲ ಎತ್ತಿ ಒಗೆದರೆ ಮುಗೀತು."

"ಏಳು ಕಿಲೋ ಒಳಗಿದ್ರೆ ಜೊತೇಲೇ ಒಯ್ಯಬಹುದು. ತೂಕಕ್ಕೆ ಇಡಿ ಮೇಡಂ," ಅಂದಳು ಕೌಂಟರಿನಾಕೆ.

ಅಮ್ಮ ಉಸಿರು ಬಿಗಿಹಿಡಿದು ಬ್ಯಾಗ್ ಇಟ್ಟಳು. ಕೆಂಪು ಅಂಕಿಗಳು ಓಡಿ ಓಡಿ ನಿಂತವು.

"ಆರು ಕಿಲೋ ಒಂಬೈನೂರು! ಮನೇಲೇ ತೂಗಿ ತಂದ ಹಾಗಿದೆ."

ಅಮ್ಮ ನಕ್ಕು ಪೀಪಿಯ ತಲೆಯ ಮೇಲೆ ಕೈಯಿಟ್ಟಳು. "ಬ್ಯಾಗ್ ತುಂಬೋದು ನಮ್ಮ ಅಸಿಸ್ಟೆಂಟ್ ಕೆಲಸ. ಇವಳಿಲ್ದಿದ್ರೆ ನನ್ನ ಗತಿ ಅಷ್ಟೇ."

ಪೀಪಿ ಉಬ್ಬಿಹೋದಳು. ಬೆಳಿಗ್ಗೆ ಮನೆಯಲ್ಲಿ ಇದೇ ಬ್ಯಾಗು ಎಂಟು ಕಿಲೋ ತೂಗಿತ್ತು. ಅಮ್ಮ ಸ್ನಾನಕ್ಕೆ ಹೋಗಿದ್ದಳು. ಎಲ್ಲಕ್ಕಿಂತ ಭಾರ ಯಾವುದು ಅಂತ ಪೀಪಿ ಒಂದೊಂದನ್ನೇ ಎತ್ತಿ ನೋಡಿದ್ದಳು. ಲೈಟಿನ ಬ್ಯಾಟರಿಗಳು! ನಾಲ್ಕೂ ಒಳ್ಳೇ ಇಟ್ಟಿಗೆಯ ಹಾಗೆ. ಅವುಗಳ ಚೀಲವನ್ನೇ ತೆಗೆದು ಸೂಟ್‌ಕೇಸಿನಲ್ಲಿ ಬಟ್ಟೆಗಳ ಅಡಿಗೆ ಸೇರಿಸಿದ್ದಳು. ಕ್ಯಾಮೆರಾ ಒಡೆಯುತ್ತದೆ. ಬ್ಯಾಟರಿ ಒಡೆಯುತ್ತದೆಯೇ? ಊರು ಮುಟ್ಟಿದ ಮೇಲೆ ಹೇಳಿ ಅಮ್ಮನನ್ನು ಬೆರಗುಗೊಳಿಸಬೇಕು ಅಂತ ಅವಳ ಲೆಕ್ಕಾಚಾರ.

"ಸೂಟ್‌ಕೇಸಲ್ಲಿ ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಏನಾದ್ರೂ ಇದೆಯಾ?" ಕೌಂಟರಿನಾಕೆ ಕೇಳಿದಳು. "ಇದ್ರೆ ತೆಗೀರಿ. ಕೆಳಗಿನ ಲಗೇಜಲ್ಲಿ ಇಡೋ ಹಾಗೇ ಇಲ್ಲ."

"ಗೊತ್ತು ಗೊತ್ತು. ಅದೆಲ್ಲ ಕೈಬ್ಯಾಗಲ್ಲೇ ಇದೆ," ಅಂದಳು ಅಮ್ಮ.

ಪೀಪಿಯ ಬಾಯಿ ತೆರೆಯಿತು. ಅಮ್ಮನ ಕೈ ಇನ್ನೂ ಅವಳ ತಲೆಯ ಮೇಲೇ ಇತ್ತು. ಈಗ ಹೇಳಿದರೆ ಆ ಕೈ ಹೊರಟುಹೋಗುತ್ತದೆ. ಬ್ಯಾಗು ಮತ್ತೆ ಎಂಟು ಕಿಲೋ ಆಗುತ್ತದೆ.

ಬಾಯಿ ಮುಚ್ಚಿತು. ಸೂಟ್‌ಕೇಸು ಬೆಲ್ಟಿನ ಮೇಲೆ ತೂಗಾಡುತ್ತಾ ಹೋಗಿ ರಬ್ಬರ್ ಪರದೆಯ ಆಚೆ ಮರೆಯಾಯಿತು.

ತಪಾಸಣೆಯ ಜಾಗದಲ್ಲಿ ಕ್ಯಾಮೆರಾಗಳನ್ನೆಲ್ಲ ಹೊರಗೆ ತೆಗೆಸಿ ಟ್ರೇಯಲ್ಲಿ ಇಡಿಸಿದರು. "ವಾಪಸ್ ನಾನು ಜೋಡಿಸ್ತೀನಿ, ನೀನು ಶೂ ಹಾಕ್ಕೋ," ಅಂತ ಪೀಪಿ ಮುಂದೆ ನುಗ್ಗಿದಳು. ಬ್ಯಾಟರಿಯ ಗೂಡು ಖಾಲಿ ಕಾಣಬಾರದೆಂದು ತನ್ನ ಟೋಪಿಯನ್ನು ಮುದುರಿ ಅಲ್ಲಿ ತುರುಕಿದಳು.

ವಿಮಾನ ಹತ್ತುವ ಗೇಟಿನ ಬಳಿ ಕುಳಿತ ಮೇಲೆ ಅಮ್ಮನ ಮಾತು ನಿಲ್ಲಲೇ ಇಲ್ಲ. ಹನ್ನೆರಡು ವರ್ಷ ಬರೀ ಪಾಸ್‌ಪೋರ್ಟ್ ಫೋಟೋ, ಶಾಲೆಯ ಗುಂಪು ಫೋಟೋ ತೆಗೆದವಳಿಗೆ ಮೊದಲ ಸಲ ಪತ್ರಿಕೆಯವರು ಕರೆದು ಕೆಲಸ ಕೊಟ್ಟಿದ್ದರು. ದೊಡ್ಡಮ್ಮ ಇರುವ ಊರಿನಲ್ಲಿ, ಮುಚ್ಚಿಹೋದ ಮಿಲ್ಲಿನ ಚಿಮಣಿಯನ್ನು ಅಂದು ಸಂಜೆ ನಾಲ್ಕಕ್ಕೆ ಕೆಡವುತ್ತಾರೆ. ಈ ಕೆಲಸ ಸಿಕ್ಕಿದ್ದಕ್ಕೆ ಅಮ್ಮನಿಗಿಂತ ದೊಡ್ಡಮ್ಮನಿಗೇ ಹೆಚ್ಚು ಸಂಭ್ರಮ.

"ಒಂಬತ್ತೇ ಸೆಕೆಂಡು ಕಣೇ! ಅಷ್ಟರಲ್ಲಿ ತೆಗೀಬೇಕು. 'ಸರಿ ಬರಲಿಲ್ಲ, ಇನ್ನೊಂದು ಸಲ ಬೀಳಿಸಿ' ಅನ್ನೋಕಾಗತ್ತಾ?"

ಹತ್ತು ದಿನದಿಂದ ಮನೆಯಲ್ಲಿ ಅದೇ ಅಭ್ಯಾಸ. ಪೀಪಿ ಬೆಂಕಿಪೊಟ್ಟಣಗಳನ್ನು ಒಂದರ ಮೇಲೊಂದು ಪೇರಿಸಿ ಬೀಳಿಸುವುದು, ಅಮ್ಮ ನೆಲದ ಮೇಲೆ ಬೋರಲು ಮಲಗಿ ಕ್ಲಿಕ್ಕಿಸುವುದು.

"ಯಾಕೇ, ಮುಖ ಇಂಗು ತಿಂದ ಮಂಗನ ಹಾಗಿದೆ?"

"ಏನಿಲ್ಲ."

"ಮೊದಲನೇ ಸಲ ವಿಮಾನ ಹತ್ತೋದು, ಹೊಟ್ಟೇಲಿ ಕಚಗುಳಿ ತಾನೇ? ನನಗೂ ಆಗ್ತಿದೆ."

ಈಗ ಹೇಳಿಬಿಡೋಣ ಅಂತ ಪೀಪಿ ಅಮ್ಮನ ಕಡೆ ತಿರುಗಿದಳು. "ಅಮ್ಮಾ..." ಅನ್ನುವಷ್ಟರಲ್ಲೇ ಮೈಕಿನಲ್ಲಿ ಅಮ್ಮನ ಹೆಸರು ಕೇಳಿಸಿತು. ಕೂಡಲೇ ಲಗೇಜ್ ತಪಾಸಣೆಯ ಕೋಣೆಗೆ ಬರಬೇಕಂತೆ.

ಇಬ್ಬರೂ ಓಡಿದರು. ಅದೆಷ್ಟು ದೂರ! ಎರಡು ಮೆಟ್ಟಿಲ ಸಾಲು, ಉದ್ದನೆಯ ಓಣಿ, ಕೊನೆಯಲ್ಲಿ ಕಿಟಕಿಯೇ ಇಲ್ಲದ ಕೋಣೆ. ಮೇಜಿನ ಮೇಲೆ ಅವರ ಸೂಟ್‌ಕೇಸು ಬಾಯಿ ಬಿಟ್ಟುಕೊಂಡು ಕೂತಿತ್ತು. ನೀಲಿ ಸ್ವೆಟರಿನ ಆಫೀಸರ್ ಹೆಂಗಸೊಬ್ಬಳು ಬ್ಯಾಟರಿ ಚೀಲವನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಚೀಲದ ಸುತ್ತ ಪೀಪಿಯ ಹಳದಿ ಉಣ್ಣೆಯ ಎರಡು ಪುಟ್ಟ ಕಾಲುಚೀಲ. ಬ್ಯಾಟರಿಗಳಿಗೆ ಪೆಟ್ಟಾಗದಿರಲಿ ಅಂತ ಪೀಪಿಯೇ ಬೆಳಿಗ್ಗೆ ಸುತ್ತಿದ್ದಳು.

ಅಮ್ಮ ಕಾಲುಚೀಲ ನೋಡಿದಳು. ಆಮೇಲೆ ಪೀಪಿಯನ್ನು ನೋಡಿದಳು. ಅರೆಗಳಿಗೆ ಅಷ್ಟೇ.

"ನನ್ನ ತಪ್ಪು," ಅಂದಳು ಆಫೀಸರಿಗೆ. "ನಾನೇ ಇಟ್ಟು ಮರೆತಿದ್ದೆ."

"ಕೌಂಟರಲ್ಲಿ ಕೇಳಿದ್ರಂತಲ್ಲ ಮೇಡಂ? ಇಲ್ಲ ಅಂದ್ರಂತೆ! ಮೇಲೆ ಜನರ ಹತ್ರ ಇದ್ದು ಹೊಗೆ ಬಂದ್ರೆ ಯಾರ ಕಣ್ಣಿಗಾದ್ರೂ ಬೀಳತ್ತೆ. ವಿಮಾನದ ಹೊಟ್ಟೆಯೊಳಗೆ ಬೆಂಕಿ ಹತ್ತಿಕೊಂಡ್ರೆ ನೋಡೋರ್ಯಾರು?"

"ಹೌದು. ತಪ್ಪಾಯ್ತು. ದಯವಿಟ್ಟು ಬೇಗ ಮುಗಿಸಿ, ಇದೇ ವಿಮಾನಕ್ಕೆ ಹೋಗ್ಲೇಬೇಕು."

ಆಫೀಸರ್ ಬೇಗ ಬೇಗನೇ ಬರೆದಳು. ಆದರೆ ಫಾರ್ಮು ಮೂರು ಪುಟ ಇತ್ತು. ಅಮ್ಮ ಸಹಿ ಹಾಕುತ್ತಿದ್ದಾಗ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಆಫೀಸರ್ ಕೇಳಿಸಿಕೊಂಡು ಮೆಲ್ಲನೆ ಇಟ್ಟಳು.

"ಗೇಟು ಮುಚ್ಚಿದ್ರಂತೆ."

"ಐದು ನಿಮಿಷ..."

"ಬಾಗಿಲು ಹಾಕೋದು ನನ್ನ ಕೈಲಿಲ್ಲ ಮೇಡಂ. ಮುಂದಿನದು ಸಂಜೆ ಐದೂವರೆಗೆ."

ಅಷ್ಟು ಹೊತ್ತಿಗೆ ಅಲ್ಲಿ ಚಿಮಣಿಯೇ ಇರುವುದಿಲ್ಲ.

ಅವರಿಬ್ಬರೂ ಓಣಿಯ ಬೆಂಚಿನ ಮೇಲೆ ಕೂತರು. ಅಮ್ಮ ಪತ್ರಿಕೆಯ ಸಂಪಾದಕರಿಗೆ ಫೋನ್ ಮಾಡಿದಳು. "ಹೌದು ಸರ್... ನನ್ನದೇ ತಪ್ಪು ಸರ್... ಹೂಂ. ಅಲ್ಲೇ ಇರೋ ಬೇರೆಯವರನ್ನ ಕಳಿಸಿ." ಇನ್ನೇನೋ ಹೇಳಲು ಬಾಯಿ ತೆರೆದಳು. ಆ ಕಡೆ ಆಗಲೇ ಫೋನಿಟ್ಟಿದ್ದರು.

ಪೀಪಿಗೆ ಅಳು ಬಂತು. "ಅಮ್ಮಾ, ನಾನು... ಭಾರ ಕಮ್ಮಿ ಆಗ್ಲಿ ಅಂತ..."

"ಗೊತ್ತು."

"ಕೌಂಟರಲ್ಲಿ ಕೇಳಿದಾಗ ನನಗೆ ನೆನಪಿತ್ತು. ಹೇಳ್ಲಿಲ್ಲ."

ಅದು ಅಮ್ಮನಿಗೆ ಗೊತ್ತಿರಲಿಲ್ಲ. ಅವಳ ಕೈ ಬ್ಯಾಗಿನ ಪಟ್ಟಿಯ ಮೇಲೆ ಹಾಗೇ ನಿಂತಿತು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು ಪೀಪಿಗೆ. ಅಮ್ಮ ಎದುರಿನ ಬಿಳಿ ಗೋಡೆಯನ್ನೇ ನೋಡುತ್ತಾ ಕೂತಳು. ಗೋಡೆಯ ಮೇಲೆ ನೋಡುವಂಥದ್ದು ಏನೂ ಇರಲಿಲ್ಲ.

ಅರ್ಧ ಗಂಟೆ ಕಳೆದಿರಬೇಕು. ಅಮ್ಮನ ಫೋನು ಹೊಡೆದುಕೊಂಡಿತು. ದೊಡ್ಡಮ್ಮ! ಅವಳಿಗೆ ಪಿಸುಮಾತು ಬರುವುದೇ ಇಲ್ಲ. ಸ್ಪೀಕರ್ ಹಾಕದಿದ್ದರೂ ಓಣಿಯೆಲ್ಲ ಕೇಳುತ್ತಿತ್ತು.

"ಎಲ್ಲಿದ್ದೀಯೇ? ಇನ್ನೂ ಹೊರಟಿಲ್ವಾ? ಏನಾಯ್ತು?"

"ವಿಮಾನ ತಪ್ಪಿತು ಅಕ್ಕ. ಸೂಟ್‌ಕೇಸಲ್ಲಿ ಬ್ಯಾಟರಿ ಸಿಕ್ತು. ನನ್ನದೇ ಮರೆವು..."

"ಮರೆವಾ? ಇಂಥ ದಿನ ಮರೆವಾ? ನಿನ್ನ ತಲೇಲಿ ಏನು ತುಂಬಿದೆಯೇ, ಹೊಟ್ಟಾ? ಚಿಕ್ಕಂದಿನಿಂದ ಹೀಗೇ ನೀನು! ಬಂದ ಭಾಗ್ಯಾನ ಕಾಲಲ್ಲಿ ಒದೀತೀಯ!"

ಅಮ್ಮ ಫೋನನ್ನು ಕಿವಿಗೆ ಒತ್ತಿಕೊಂಡೇ ಇದ್ದಳು.

ಆಫೀಸರಿಗೆ ಒಮ್ಮೆ. ಸಂಪಾದಕರಿಗೆ ಒಮ್ಮೆ. ಈಗ ದೊಡ್ಡಮ್ಮನಿಗೆ. ನಾಳೆ ಬೀದಿಯಲ್ಲಿ ಯಾರು ಕೇಳಿದರೂ ಅಮ್ಮ ಇದನ್ನೇ ಹೇಳುತ್ತಾಳೆ. ಪೀಪಿ ಮುಚ್ಚಿಟ್ಟದ್ದನ್ನು ಅಮ್ಮ ಹೊತ್ತುಕೊಂಡು ತಿರುಗುತ್ತಾಳೆ.

ಪೀಪಿ ಕೈಚಾಚಿ ಫೋನ್ ತೆಗೆದುಕೊಂಡಳು.

"ದೊಡ್ಡಮ್ಮಾ, ಅಮ್ಮ ಮರೀಲಿಲ್ಲ. ಇಟ್ಟಿದ್ದು ನಾನು. ಕೌಂಟರಲ್ಲಿ ಕೇಳಿದಾಗ ಸುಮ್ನಿದ್ದಿದ್ದೂ ನಾನೇ. ಅಮ್ಮನ್ನ ಬೈಬೇಡಿ."

ಪೀಪಿ ಇನ್ನೊಂದು ಬೈಗುಳಕ್ಕೆ ಕಾದಳು.

"ಹೂಂ," ಅಂದಳು ದೊಡ್ಡಮ್ಮ, ಸಣ್ಣ ದನಿಯಲ್ಲಿ. "ಅಮ್ಮ ಏನಾದ್ರೂ ತಿಂದಳಾ?"

"ಇಲ್ಲ."

"ಅವಳನ್ನ ನೋಡ್ಕೋ." ಫೋನು ನಿಂತಿತು.

ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಅಂದುಕೊಂಡಿದ್ದಳು ಪೀಪಿ. ಆಗಲಿಲ್ಲ. ನಾಲ್ಕು ಗಂಟೆಗೆ ಚಿಮಣಿ ಬಿದ್ದೇ ಬೀಳುತ್ತದೆ. ಅದರ ಫೋಟೋ ಇನ್ಯಾರದೋ ಹೆಸರಿನಲ್ಲಿ ಬರುತ್ತದೆ. ಎಷ್ಟು ಅತ್ತರೂ ಅದು ಬದಲಾಗುವುದಿಲ್ಲ. ಅವಳು ತೋಳಿನಿಂದ ಮುಖ ಒರೆಸಿಕೊಂಡಳು. ತಾನು ಅಳುತ್ತಿದ್ದರೆ ಅಮ್ಮ ತನ್ನ ಅಳುವನ್ನು ತಡೆದುಕೊಂಡೇ ಕೂತಿರಬೇಕಾಗುತ್ತದೆ.

ಪೀಪಿ ಸರಿದು ಅಮ್ಮನ ಪಕ್ಕಕ್ಕೆ ಒತ್ತಿ ಕೂತಳು. ಅಮ್ಮ ಮುಖ ಮುಚ್ಚಿಕೊಂಡಳು. ಅವಳ ಹೆಗಲು ಬಹಳ ಹೊತ್ತು ಅಲುಗಾಡಿತು.

ಕೋಣೆಯ ಬಾಗಿಲು ತೆರೆಯಿತು. ನೀಲಿ ಸ್ವೆಟರಿನ ಆಫೀಸರ್ ತನ್ನ ಊಟದ ಡಬ್ಬಿ ಹಿಡಿದುಕೊಂಡು ಹೊರಗೆ ಬಂದಳು. ಇವರನ್ನು ದಾಟಿ ನಾಲ್ಕು ಹೆಜ್ಜೆ ಹೋದವಳು ನಿಂತಳು, ಹಿಂದಕ್ಕೆ ಬಂದಳು. ಡಬ್ಬಿಯನ್ನು ಪೀಪಿಯ ಕೈಗೆ ಕೊಟ್ಟು, ಕಣ್ಣಲ್ಲೇ ಅಮ್ಮನ ಕಡೆ ತೋರಿಸಿ, ಮತ್ತೆ ಒಳಗೆ ಹೋಗಿ ಸದ್ದಾಗದಂತೆ ಬಾಗಿಲು ಮುಂದೆ ಮಾಡಿಕೊಂಡಳು.

ಡಬ್ಬಿ ಇನ್ನೂ ಬೆಚ್ಚಗಿತ್ತು. ಅಮ್ಮನ ಹೆಗಲು ನಿಲ್ಲುವವರೆಗೆ ಪೀಪಿ ಅದನ್ನು ಹಿಡಿದುಕೊಂಡೇ ಕಾದಳು. ಆಮೇಲೆ ಮುಚ್ಚಳ ತೆಗೆದು, ಚಮಚ ಒರೆಸಿ, ಅಮ್ಮನ ಕೈಗಿಟ್ಟಳು.