ಕಿವಿಯ ಹಿಂದಿನ ಕೂದಲು

ಊರಿನ ಗಂಡಹೆಂಡಿರ ಜಗಳಗಳನ್ನು ಕೋರ್ಟಿನ ತನಕ ಹೋಗಗೊಡದೆ ತಮ್ಮ ಆಫೀಸಿನ ಬೆಂಚಿನ ಮೇಲೇ ಬಿಡಿಸಿ ಕಳಿಸಿದ ಹೆಸರು ವಕೀಲರದು. ಹಾಗಾಗಿ ಅವರ ಒಬ್ಬಳೇ ಮಗಳು ಊದಿಕೊಂಡ ಮುಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಅದೇ ಬೆಂಚಿನ ಮೇಲೆ ಕೂತಾಗ, ಎಲ್ಲರಿಗೂ ಹೇಳಿದ್ದನ್ನೇ ಅವಳಿಗೂ ಹೇಳಿದರು. "ಸ್ವಲ್ಪ ಹೊಂದ್ಕೊಂಡು ಹೋಗಮ್ಮ. ನನ್ನ ಮಗಳೇ ಮನೆ ಬಿಟ್ಟು ಬಂದ್ರೆ ನಾಳೆ ನಾನು ಯಾರಿಗೆ ಬುದ್ಧಿ ಹೇಳಲಿ?" ಮಗಳು ಹೂಂ ಅಂದಳು, ಹೋದಳು. ಮಳೆಗಾಲ ಕಳೆಯುವುದರೊಳಗೆ ಗಂಡನ ಮನೆಯ ತಾರಸಿ ಮೆಟ್ಟಿಲ ಬುಡದಲ್ಲಿ ಕುತ್ತಿಗೆ ಮುರಿದು ಬಿದ್ದಿದ್ದಳು.

ಕಾಲು ಜಾರಿತು ಎಂದ ಅಳಿಯ. ಅವನ ಕೈಯ ಮೇಲೆ ಉಗುರಿನ ಗೀರುಗಳಿದ್ದವು. ಬೆಕ್ಕು ಪರಚಿತು ಎಂದ. ಆ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ಆ ಹೊತ್ತಿನಲ್ಲಿ ಮನೆಯಲ್ಲಿದ್ದವರು ಅವನೊಬ್ಬ, ಮತ್ತೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಕಳೆದುಕೊಂಡು ಹಾಸಿಗೆ ಹಿಡಿದ ಅವನ ತಾಯಿ. ಕಣ್ಣು ಕಾಣದವರನ್ನು ಏನು ಕೇಳುವುದು ಎಂದು ಇನ್‌ಸ್ಪೆಕ್ಟರು ಆಕೆಯನ್ನು ಮಾತಾಡಿಸಲೇ ಇಲ್ಲ. ವಕೀಲರೂ ಒತ್ತಾಯ ಮಾಡಲಿಲ್ಲ. ನೋಡಿದವರಿಲ್ಲದ ಕೇಸು ನಿಲ್ಲುವುದಿಲ್ಲ ಎಂಬುದು ಅವರಿಗೆ ಯಾರಾದರೂ ಹೇಳಿಕೊಡಬೇಕಾದ ಪಾಠವಲ್ಲ.

ಮಗಳು ಬರೀ ಮಗಳಾಗಿರಲಿಲ್ಲ, ಅವರ ಜೂನಿಯರ್ ಕೂಡ ಆಗಿದ್ದಳು. ಮದುವೆಯಾದ ಮೇಲೂ ಆಫೀಸು ಬಿಡಲಿಲ್ಲ. ಕೋರ್ಟ್ ಹಾಲಿನ ಬಾಗಿಲಲ್ಲಿ ದಿನವೂ ಅಪ್ಪನನ್ನು ನಿಲ್ಲಿಸಿ, ಕಾಲರ್ ಎಳೆದು ಸರಿಮಾಡಿ, ಬಲಗಿವಿಯ ಹಿಂದಿನ ಕೂದಲನ್ನು ಒತ್ತಿ ಕೂರಿಸಿ, "ಈಗ ಹೋಗಿ ಅಪ್ಪ" ಅನ್ನುವಳು. ವಕೀಲರಾಗುವ ಮೊದಲು ಸೇನೆಯಲ್ಲಿದ್ದಾಗ, ಯುದ್ಧದಲ್ಲಿ ಪಕ್ಕದಲ್ಲೇ ಶೆಲ್ ಸಿಡಿದು ಅವರ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಗೆ ಯಂತ್ರ ಸಿಕ್ಕಿಸಿದರೆ ಜನರ ಮಾತು ಕೇಳುತ್ತಿತ್ತು, ಹಕ್ಕಿಯ ಚಿಲಿಪಿಲಿ, ಕುಕ್ಕರಿನ ಕೂಗು ಇಂಥ ಕೀರಲು ದನಿಗಳು ಮಾತ್ರ ಇಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದಾಗಲೆಲ್ಲ ಚಿಕ್ಕಂದಿನಲ್ಲಿ ಮಗಳು ಓಡಿಬಂದು ಬೆರಳೆತ್ತಿ ತೋರಿಸುತ್ತಿದ್ದಳು. ಅವಳು ಹೋದ ಮೇಲೆ ಅವರು ಅಡುಗೆಮನೆಯ ಕಡೆ ನೋಡುವುದನ್ನೇ ಬಿಟ್ಟರು.

ಅಳಿಯನನ್ನು ಕೊಲ್ಲಬೇಕು ಎಂದುಕೊಂಡ ದಿನ ಅವರಿಗೆ ಭಯವಾಗಲಿಲ್ಲ. ಸೇನೆಯಲ್ಲಿ ಹೆಸರೂ ಗೊತ್ತಿಲ್ಲದವರನ್ನು ಕೊಂದಿದ್ದರು. ಇವನ ಹೆಸರು ಗೊತ್ತು, ಅಷ್ಟೇ ವ್ಯತ್ಯಾಸ. ಕೊಂದವರು ಹೇಗೆ ಸಿಕ್ಕಿಬೀಳುತ್ತಾರೆ ಎಂಬುದನ್ನು ಜೀವಮಾನವಿಡೀ ನೋಡಿದ್ದರು. ಸಿಟ್ಟು ತೋರಿಸಿದವನು ಸಿಕ್ಕಿಬೀಳುತ್ತಾನೆ, ಜೊತೆಗೊಬ್ಬನನ್ನು ಸೇರಿಸಿಕೊಂಡವನು ಸಿಕ್ಕಿಬೀಳುತ್ತಾನೆ, ಆತುರಗಾರನಂತೂ ಸರಿಯೇ ಸರಿ. ಆದ್ದರಿಂದ ಅವರು ಮೊದಲು ಮಾಡಿದ್ದು ಅಳಿಯನನ್ನು ಕ್ಷಮಿಸಿದ್ದು. ಅವನ ಔಷಧಿ ಅಂಗಡಿಯ ಮುಂದೆ, ನಾಲ್ಕು ಜನ ನೋಡುವಂತೆ, ಹೆಗಲ ಮೇಲೆ ಕೈಹಾಕಿ ನಿಂತರು. ವಾರಕ್ಕೊಮ್ಮೆ ಅವನ ಮನೆಗೆ ಹೋಗಿ ಬೀಗಿತ್ತಿಯ ಯೋಗಕ್ಷೇಮ ವಿಚಾರಿಸಿದರು. ಏನು ದೊಡ್ಡ ಮನಸ್ಸಪ್ಪಾ ಎಂದು ಊರು ಕಣ್ಣೊರೆಸಿಕೊಂಡಿತು. ಆ ಮನೆಯ ಕಾಫಿಯನ್ನೂ ಕುಡಿದರು.

ಜಾಗ ಹುಡುಕಬೇಕಾಗಿರಲಿಲ್ಲ. ಅದೇ ಮೆಟ್ಟಿಲು. ಮನೆಯ ಹಿಂಬದಿಯ ಗೋಡೆಗೆ ಅಂಟಿಕೊಂಡು, ತಾಯಿ ಮಲಗುವ ಕೋಣೆಯ ಕಿಟಕಿ ಪಕ್ಕದಲ್ಲೇ ತಾರಸಿಗೆ ಹತ್ತುವ ಕಡಿದಾದ ಮೆಟ್ಟಿಲು. ಕಂಬಿ ಇಲ್ಲ. ಮಗಳು ಸತ್ತ ಮೇಲಾದರೂ ಪುಣ್ಯಾತ್ಮ ಹಾಕಿಸಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಬಂದವನು ನೀರಿನ ಟ್ಯಾಂಕು ತುಂಬಿತೇ ಎಂದು ನೋಡಲು ದಿನವೂ ಮೇಲೆ ಹತ್ತುತ್ತಿದ್ದ. ಇತ್ತ ವಕೀಲರು ತಾವೇ ಮುಂದೆ ನಿಂತು ಕಟ್ಟಿಸಿ, ಅಧ್ಯಕ್ಷರೂ ಆಗಿದ್ದ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಅದೇ ಹೊತ್ತಿಗೆ ಒಂದು ನಿದ್ದೆ ತೆಗೆಯುವುದು ಊರಿಗೇ ಗೊತ್ತಿದ್ದ ರೂಢಿ. ಅಧ್ಯಕ್ಷರು ಮಲಗಿದ್ದಾರೆಂದರೆ ಯಾರೂ ಬಾಗಿಲು ತಟ್ಟುತ್ತಿರಲಿಲ್ಲ. ಕೋಣೆಯ ಹಿಂಬಾಗಿಲು ಓಣಿಗೆ ತೆರೆಯುತ್ತಿತ್ತು. ಓಣಿಯ ಕೊನೆಗೆ ಅಳಿಯನ ಹಿತ್ತಲು.

ಆ ಗೌರವದ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆ. ಲೈಬ್ರರಿಯಲ್ಲಿ ಹರಟುತ್ತಿದ್ದವರು ಅವರು ಬಾಗಿಲು ದಾಟುವ ಮೊದಲೇ ಬಾಯಿ ಮುಚ್ಚಿ ಪತ್ರಿಕೆ ಬಿಡಿಸುತ್ತಿದ್ದರು. ಕೋರ್ಟಿನಲ್ಲೂ ಅಷ್ಟೇ, ಅವರಿನ್ನೂ ಮೂಲೆ ತಿರುಗುವಷ್ಟರಲ್ಲಿ ಗುಮಾಸ್ತರು ಎದ್ದು ನಿಂತಿರುತ್ತಿದ್ದರು. ಇದು ಕಾಸಿಗೆ ಬರುವ ಮರ್ಯಾದೆಯಲ್ಲ ಎಂದುಕೊಳ್ಳುತ್ತಿದ್ದರು.

ಕೊಲ್ಲಲು ಹೋದ ದಿನ ಬಿಸಿಲಿತ್ತು. ಕಣ್ಣಿಲ್ಲದವರಿಗೆ ಕಿವಿ ಚುರುಕು ಎಂಬುದನ್ನು ಅವರು ಮರೆತವರಲ್ಲ. ಚರ್ಮದ ಬೂಟು ಬಿಚ್ಚಿಟ್ಟು ಕ್ಯಾನ್ವಾಸ್ ಶೂ ಹಾಕಿದರು. ಬೀಗದ ಕೈ ಗೊಂಚಲು, ಚಿಲ್ಲರೆ, ಕೈಗಡಿಯಾರ ಎಲ್ಲ ಮೇಜಿನ ಮೇಲೆ ಉಳಿದವು. ಊರುಗೋಲಿನ ತುದಿಗೆ ಹೊಸ ರಬ್ಬರು ಹಾಕಿಸಿಯಾಗಿತ್ತು. ಕಿವಿಯ ಯಂತ್ರವನ್ನು ಮಾತ್ರ ಬಿಡಲಿಲ್ಲ, ಯಾರಾದರೂ ಬಂದರೆ ತಿಳಿಯಬೇಕಲ್ಲ. ಕಿಟಕಿಯ ಪಕ್ಕ ಹಾದು ಮೆಟ್ಟಿಲು ಹತ್ತುವಾಗ ಉಸಿರು ಬಿಗಿಹಿಡಿದು ಕೇಳಿದರು. ತಮ್ಮಿಂದ ಒಂದು ಸದ್ದೂ ಇಲ್ಲ.

ಟ್ಯಾಂಕಿಗೆ ಒತ್ತಿಕೊಂಡು ನಿಂತರು. ಅಳಿಯ ಬಂದ, ಮುಚ್ಚಳ ಎತ್ತಿ ಇಣುಕಿದ, ಇಳಿಯಲು ತಿರುಗಿದ. ಅವರು ಹಿಂದಿನಿಂದ ಹತ್ತಿರಾದರು. ಅವನಿನ್ನೂ ಬೆನ್ನು ಹಾಕಿಯೇ ಇದ್ದ, ಆದರೂ "ಮಾವ?" ಅಂದ. ಹೇಗೆ ಗೊತ್ತಾಯಿತೋ, ನೆರಳು ಬಿದ್ದಿರಬೇಕು. ಕೋಲಿನಿಂದ ಒಮ್ಮೆ ಬಲವಾಗಿ ನೂಕಿದರು. ಕೆಳಗಿಳಿದು, ಅವನ ಪಕ್ಕದಲ್ಲೇ ಹಾದು, ಬಂದ ದಾರಿಯಲ್ಲಿ ಹೋಗಿ ಮಲಗಿದರು. ಸಮಾಧಾನ ಸಿಗುತ್ತದೆ ಎಂದುಕೊಂಡಿದ್ದರು. ಮಗಳು ಬೆಂಚಿನಿಂದ ಎದ್ದು ಹೂಂ ಅಂದದ್ದೇ ಕಣ್ಣಿಗೆ ಬಂತು, ಮುದುಕರು ದಿಂಬಿಗೆ ಮುಖವೊತ್ತಿ ಅತ್ತರು.

ಸುದ್ದಿ ತಂದವರು ಬಾಗಿಲು ತಟ್ಟಿ ಎಬ್ಬಿಸಿದಾಗ ಅವರ ಕಣ್ಣು ಕೆಂಪಾಗಿದ್ದವು, ನಿದ್ದೆಗಣ್ಣು ಎಂದುಕೊಂಡರು. ಮಾಡಿದ್ದುಣ್ಣೋ ಮಹಾರಾಯ ಎಂದು ಓಣಿಯಲ್ಲಿ ಯಾರೋ ಮೆಲ್ಲಗೆ ಅಂದರು. ಸಂಜೆಯ ಹೊತ್ತಿಗೆ ಇನ್‌ಸ್ಪೆಕ್ಟರು ತಾರಸಿ ನೋಡಿ ಇಳಿದು ಬಂದು, ಇದೂ ಕಾಲು ಜಾರಿದ್ದೇ ಸರ್, ಈ ಮೆಟ್ಟಿಲಿನ ಗ್ರಹಚಾರವೇ ಸರಿಯಿಲ್ಲ ಎಂದರು. ಸಾವಿನ ಮನೆಯಲ್ಲಿ ಯಾರು ಏನು ಮಾಡಬೇಕೆಂದು ಹೇಳುವವರೂ ವಕೀಲರೇ ಆದರು. ಎಲ್ಲ ಮುಗಿಸಿ ಬೀಗಿತ್ತಿಯ ಮಂಚದ ತುದಿಯಲ್ಲಿ ಕೂತು, ಬಾಗಿ ಆಕೆಯ ಕೈ ಹಿಡಿದುಕೊಂಡರು.

"ಮಧ್ಯಾಹ್ನಾನೂ ಬಂದಿದ್ರಲ್ಲ ಬೀಗರೇ," ಎಂದಳು ಆಕೆ. "ಮಾತಾಡಿಸ್ದೇನೇ ಹೊರಟುಹೋದ್ರಿ."

"ಇಲ್ಲಮ್ಮ. ನಾನು ಲೈಬ್ರರಿಲಿ ಮಲಗಿದ್ದೆ."

"ಮೇಲೆ ಹತ್ತಿದ್ರಿ. ಇವನು ಬಿದ್ದ ಮೇಲೆ ಇಳಿದು ಹೋದ್ರಿ."

ಇನ್‌ಸ್ಪೆಕ್ಟರು ಆಕೆಯನ್ನು ಸಮಾಧಾನ ಮಾಡಲು ಬಂದರು. ನಿಮಗೆ ಕಣ್ಣು ಕಾಣಲ್ಲವಲ್ಲ ತಾಯಿ, ದುಃಖದಲ್ಲಿ ಏನೇನೋ ಅನಿಸುತ್ತದೆ ಎಂದರು.

"ಕಾಣಲ್ಲ, ಕೇಳ್ಸುತ್ತೆ," ಎಂದಳು. "ಅವತ್ತು ನನ್ನ ಸೊಸೆ ಬೇಡ ಬೇಡ ಅಂತ ಅಂಗಲಾಚಿದ್ದೂ ಕೇಳ್ಸಿತ್ತು. ಹೆತ್ತ ಮಗ, ನಾನಾಗೇ ಬಾಯಿ ಬಿಡ್ಲಿಲ್ಲ. ಯಾರಾದ್ರೂ ಕೇಳಿದ್ರೆ ಸುಳ್ಳು ಹೇಳ್ತಿರ್ಲಿಲ್ಲ. ನೀವೂ ಕೇಳ್ಲಿಲ್ಲ, ಬೀಗರೂ ಕೇಳ್ಲಿಲ್ಲ."

ವಕೀಲರು ಆಗಲೂ ವೃತ್ತಿ ಬಿಡಲಿಲ್ಲ. ಹಾದು ಹೋದವರು ನಾನೇ ಅಂತ ಹೇಗೆ ಹೇಳ್ತೀರಮ್ಮ ಎಂದು ಅಡ್ಡಪ್ರಶ್ನೆ ಹಾಕಿದರು. "ನಿಮ್ಮ ಕಿವಿ ಮಿಷಿನ್ನು ಸಡಿಲಾಗಿ ಶಿಳ್ಳೆ ಹೊಡೀತಲ್ಲ ಬೀಗರೇ, ಈಗ ಹೊಡೀತಾ ಇದ್ಯಲ್ಲ, ಹಾಗೇ," ಎಂದಳು ಆಕೆ, ಇದರಲ್ಲಿ ಕೇಳುವುದೇನಿದೆ ಎಂಬಂತೆ. ಅವರಿಗೆ ಏನೂ ಕೇಳಿಸಲಿಲ್ಲ. ಸುತ್ತ ನೋಡಿದರು. ಗುಮಾಸ್ತರು, ಲೈಬ್ರರಿಯವರು, ನೆರೆಯವರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಇಷ್ಟು ವರ್ಷ ಅಷ್ಟು ದೊಡ್ಡ ಮನುಷ್ಯರಿಗೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಇನ್‌ಸ್ಪೆಕ್ಟರು ಮಾತ್ರ ತಲೆ ತಗ್ಗಿಸದೆ ಅವರನ್ನೇ ನೋಡುತ್ತಿದ್ದರು. "ಮಗಳು ಇದ್ದಿದ್ರೆ ಹೀಗಾಗ್ತಿರ್ಲಿಲ್ಲ," ಎಂದಳು ಬೀಗಿತ್ತಿ, ಅವರ ಕೈ ಸವರುತ್ತಾ. "ಕೂದಲು ಸರಿಮಾಡೋ ಹಾಗೆ ಮಾಡಿ ಆ ಮಿಷಿನ್ನ ಒತ್ತಿ ಕೂರಿಸ್ತಿದ್ಲು. ಅಪ್ಪಂಗೆ ಹೇಳ್ಬೇಡಿ ಅತ್ತೆ, ನೊಂದ್ಕೋತಾರೆ ಅನ್ನೋಳು." ವಕೀಲರ ಕೈ ತಾನಾಗಿ ಬಲಗಿವಿಯ ಹಿಂದಕ್ಕೆ ಹೋಯಿತು, ಮಗಳು ದಿನವೂ ಒತ್ತುತ್ತಿದ್ದ ಜಾಗಕ್ಕೆ, ಮತ್ತು ಅಲ್ಲೇ ನಿಂತಿತು.