ಬೆಳ್ಳಗಾಗದ ಇನ್ಸುಲಿನ್

ಸೋಮವಾರ ಬೆಳಿಗ್ಗೆ 9.40. ಬೊಮ್ರಾಸಪೇಟ್ ಠಾಣೆಗೆ ಬಂದ ರೈತ ರೇವಪ್ಪ ನಿಂತೇ ದೂರು ಹೇಳಿದ.

“ನನ್ನ ಮಗಳಿಗಿ ವಿಷ ಹಾಕ್ಯಾರ್ರಿ. ನಿನ್ನಿ ಕುರಿ ಮೈಲಾರಿ ಮನ್ಯಾಗ ಮಜ್ಜಿಗಿ ಕುಡದು ಬಂದಾಳ. ಸಂಜಿತನಕ ವಾಂತಿ. ಈಗ ತಾಂಡೂರ ದವಾಖಾನ್ಯಾಗ ಎಚ್ಚರಿಲ್ಲ.”

ಕುರಿ ಮೇಯಿಸುವ ಜಾಗಕ್ಕಾಗಿ ರೇವಪ್ಪನಿಗೂ ಕುರಿಗಾಹಿ ಮೈಲಾರಿಗೂ ಹಳೆಯ ಜಗಳವಿತ್ತು. ಇನ್ಸ್‌ಪೆಕ್ಟರ್ ವೀರಭದ್ರ ಎಫ್‌ಐಆರ್ ದಾಖಲಿಸಿ, ಮಹಿಳಾ ಪೇದೆ ಸಾಯಮ್ಮನೊಂದಿಗೆ ತಾಂಡೂರಿಗೆ ಹೊರಟರು.

ಹದಿನೈದರ ಸ್ವರೂಪಾ ಏದುಸಿರು ಬಿಡುತ್ತಿದ್ದಳು. ಉಸಿರಿಗೆ ಕಳಿತ ಹಣ್ಣಿನ ವಾಸನೆ.

“ವಿಷ ಅಲ್ರಿ,” ಎಂದರು ವೈದ್ಯೆ ಪ್ರೇಮಲಾ. “ಈಕಿಗಿ ಮೂರು ವರ್ಷದಿಂದ ಟೈಪ್ ಒನ್ ಸಕ್ಕರಿ ಕಾಯಿಲೆ ಅದ. ಇನ್ಸುಲಿನ್ ಇಲ್ಲದೇ ರಕ್ತದಾಗ ಆಮ್ಲ ತುಂಬ್ಯದ. ಸಕ್ಕರಿ ಐದುನೂರಾ ನಲವತ್ತು.”

“ಮಜ್ಜಿಗಿ?”

“ಬಾಯಾರಿಕಿಗಿ ಕುಡದಿರಬೇಕು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.”

ಆದರೆ ಮಗಳು ಒಂದು ಹೊತ್ತೂ ತಪ್ಪಿಸದೆ ಇಂಜೆಕ್ಷನ್ ತೆಗೆದುಕೊಂಡಿದ್ದಾಳೆ ಎಂದು ರೇವಪ್ಪ ಆಣೆ ಮಾಡಿದ. ವೀರಭದ್ರರ ಕುತೂಹಲ ಕೆರಳಿದ್ದು ಅಲ್ಲಿಯೇ.

ಮಧ್ಯಾಹ್ನ 2.15ಕ್ಕೆ ರೇವಪ್ಪನ ಮನೆಯಲ್ಲಿ ಪಂಚನಾಮೆ ನಡೆಯಿತು. ತಂಪಿಗೆಂದು ಮಣ್ಣಿನ ಗಡಿಗೆಯಲ್ಲಿಟ್ಟಿದ್ದ ಔಷಧಿ ಸೀಸೆಯನ್ನು ಸಾಯಮ್ಮ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿದಳು.

“ನಮ್ಮತ್ತಿನೂ ಇದನ್ನೇ ತಗೋತಾರ್ರಿ ಸರ್. ಹಿಂಗ ಉರುಳಿಸಿದ್ರ ಹಾಲಿನಂಗ ಬೆಳ್ಳಗ ಆಗಬೇಕು. ಇದು ತಿಳಿ ನೀರು ಇದ್ದಂಗ ಅದ.”

ಸೀಸೆಗೆ ಮೊಹರು ಬಿತ್ತು.

ಮಂಗಳವಾರ ಬೆಳಿಗ್ಗೆ ಸ್ವರೂಪಾಗೆ ಎಚ್ಚರವಾದಾಗ ವೀರಭದ್ರ ಮಂಚದ ಬಳಿ ಇದ್ದರು.

“ಔಷಧಿ ಬೆಳ್ಳಗ ಆಗೋದು ನಿಂತು ಎಷ್ಟು ದಿನ ಆತವ್ವ?”

“ಐದು ದಿನರಿ. ಅತ್ತಿಗಿ ಹೇಳಿದ್ದೆ. ಹೊಸ ಕಂಪನೀದು ಹಂಗೇ ಇರ್ತದ ಅಂದ್ಳು. ಕೊಡಂಗಲ್‌ದಿಂದ ಆಕೀನೇ ತರ್ತಾಳ.”

ಅತ್ತೆ ಎಂದರೆ ರೇವಪ್ಪನ ವಿಧವೆ ಅಕ್ಕ ಮಹಾನಂದಾ. ತಾಯಿಯಿಲ್ಲದ ಹುಡುಗಿಯನ್ನು ಸಾಕಿದವಳು.

“ಸೀಸೆದಾಗ ಏನು ತುಂಬಿದ್ರಿ?” ಮಧ್ಯಾಹ್ನ ಠಾಣೆಯಲ್ಲಿ, ರೇವಪ್ಪನ ಎದುರಿಗೇ ವೀರಭದ್ರ ಆಕೆಯನ್ನು ಕೇಳಿದರು.

“ಕಾಸಿ ಆರಿಸಿದ ನೀರು.”

“ಯಾಕ?”

ಮಹಾನಂದಾ ತಮ್ಮನ ಕಡೆ ನೋಡಲಿಲ್ಲ. “ಹನ್ನೊಂದು ವರ್ಷದ ಹಿಂದ ನಮ್ಮ ಮನಿಯವರು ಇದೇ ಸೂಜಿ ಚುಚ್ಚಿಕೊಂಡು, ಉಣ್ಣದೇ ಹೊಲಕ್ಕ ಹೋದ್ರು. ಬೆವತು, ನಡುಗಿ, ಏನೇನೋ ಬಡಬಡಿಸಿದ್ರು. ಸಕ್ಕರಿ ಏರ್ಯದ ಅಂತ ತಿಳದು ನಾನೇ ಇನ್ನೊಂದು ಚುಚ್ಚಿದೆ. ಮ್ಯಾಲೇಳಲಿಲ್ಲ. ಹೋದ ವಾರ ಈ ಹುಡುಗಿನೂ ಹಂಗೇ ಬೆವತು ನಡುಗಿದ್ಳು. ಈಕಿನೂ ಹೋಗ್ತಾಳಂತ ಅಂಜಿ ನೀರು ತುಂಬಿದೆ.”

ಆಮೇಲೆ ಆಕೆಯೇ ಕೇಳಿದಳು: “ಆವತ್ತು ನಾ ಏನು ಮಾಡಬೇಕಿತ್ತುರಿ?”

ಸಕ್ಕರೆ ಇಳಿದರೆ ಏನು ಮಾಡಬೇಕೆಂದು ವೈದ್ಯೆ ಬೆಳಿಗ್ಗೆ ಆಸ್ಪತ್ರೆಯಲ್ಲಿ ತಿಳಿಸಿದ್ದನ್ನೇ ವೀರಭದ್ರ ಹೇಳಿದರು. “ಅವರ ಸಕ್ಕರಿ ಇಳದಿತ್ತು. ನುಂಗೂವಷ್ಟು ಎಚ್ಚರ ಇದ್ದಾಗ ಸಕ್ಕರಿ ನೀರು ಕುಡಿಸಿ, ದವಾಖಾನಿಗಿ ಒಯ್ಯಬೇಕಿತ್ತು.”

“ಬರೇ ಸಕ್ಕರಿ ನೀರೇನ್ರಿ?”

“ಹೌದವ್ವ.”

ಸಂಜೆ 4.20ಕ್ಕೆ ಬಂಧನ ದಾಖಲಾಯಿತು. ಮೈಲಾರಿಯ ಹೆಸರನ್ನು ಪ್ರಕರಣದಿಂದ ಕೈಬಿಡಲಾಯಿತು. ಆ ಎರಡನೆಯ ಇಂಜೆಕ್ಷನ್‌ನ ವಿಷಯ ಹನ್ನೊಂದು ವರ್ಷ ಯಾರಿಗೂ ಗೊತ್ತಿರಲಿಲ್ಲ. ಹೇಳಿಕೆಗೆ ಸಾಕ್ಷಿಯಾಗಿ ಸಹಿ ಹಾಕುವಾಗ ರೇವಪ್ಪ ಆ ಸಾಲನ್ನು ಎರಡು ಸಲ ಓದಿದ.